ಮೈಮೇಲೆ ಬರುತ್ತಿದ್ದ ಜೀಪು

ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಅರ್ಧಕ್ಕೆ ರೋಗವೇ ಇರುವುದಿಲ್ಲ. ರೋಗ ಇರುವುದು ಯಜಮಾನರಿಗೆ. ಅದಕ್ಕೆ ನನ್ನ ಹತ್ತಿರ ಸ್ಪ್ಯಾನರ್ ಇಲ್ಲ. ನಂಜನಗೂಡಿನಲ್ಲಿ, ನರಸೀಪುರಕ್ಕೆ ಹೋಗುವ ರಸ್ತೆಯ ಬದಿ, ಮೂವತ್ತು ವರ್ಷ ಷೆಡ್ಡು ಇಟ್ಟುಕೊಂಡಿದ್ದೆ. ಇಂಥವು ವಾರಕ್ಕೊಂದು ನಡೆಯುತ್ತಲೇ ಇದ್ದವು. ಎಲ್ಲ ಹೇಳುವಷ್ಟು ಮಾತು ನನ್ನಲ್ಲಿಲ್ಲ. ಒಂದು ಜೀಪಿನ ಮುಂದಿನ ಆಕ್ಸಲ್ ಬದಲಾಯಿಸಬೇಕೋ ಬೇಡವೋ ಎಂದು ಎರಡು ತಾಲ್ಲೂಕಿನ ಜನ ಎಂಟು ತಿಂಗಳು ಯೋಚನೆ ಮಾಡಿದರು. ಅದನ್ನಷ್ಟೇ ಬರೆಯುತ್ತೇನೆ. ತೊಂಬತ್ತರ ದಶಕದ ನಡುವಿನ ಮಾತು.

೧. ಎತ್ತರ

ನರಸೀಪುರದ ಹತ್ತಿರ ಇಟ್ಟಿಗೆ ಗೂಡು ಇಟ್ಟಿದ್ದ ಯಜಮಾನರೊಬ್ಬರು ಸರ್ಕಾರಿ ಹರಾಜಿನಲ್ಲಿ ಹಳೇ ಫೋರ್ ವೀಲ್ ಜೀಪು ಹಿಡಿದಿದ್ದರು. ನಾಲ್ಕು ಚಕ್ರಕ್ಕೂ ಇಂಜಿನ್ ಬಲ ಹೋಗುವ ಜೀಪು. ಆ ಬಲ ಅವರಿಗೆ ಯಾವತ್ತೂ ಬೇಕಾಗಿರಲಿಲ್ಲ. ಇದೆ ಎಂದು ಹೇಳಿಕೊಳ್ಳುವುದು ಬೇಕಾಗಿತ್ತು.

ಒಂದು ಬೆಳಿಗ್ಗೆ ಷೆಡ್ಡಿಗೆ ಬಂದರು. ಮುಖ ಗೂಡಿನಿಂದ ಆಗ ತಾನೇ ತೆಗೆದ ಹಾಗಿತ್ತು.

"ಮೇಸ್ತ್ರಿ, ಜೀಪು ಎತ್ತರ ಮಾಡ್ಬೇಕು."

"ಎಷ್ಟು?"

"ಟ್ರ್ಯಾಕ್ಟರಿಗಿಂತ ಒಂದು ಗೇಣು ಜಾಸ್ತಿ."

ಕಾರಣವನ್ನು ಅವರ ಡ್ರೈವರ್ ಆಮೇಲೆ ಹೇಳಿದ. ಹಿಂದಿನ ದಿನ ಯಜಮಾನರ ದಾಯಾದಿ ಹೊಸ ಟ್ರ್ಯಾಕ್ಟರ್ ತಂದು ಜೀಪಿನ ಪಕ್ಕಕ್ಕೆ ನಿಲ್ಲಿಸಿ, ಮೇಲಿನಿಂದ ಬಗ್ಗಿ ನೋಡಿ, "ಏನಣ್ಣ, ಚೆನ್ನಾಗಿದ್ದೀಯಾ ಕೆಳಗೆ?" ಎಂದು ಕೇಳಿದನಂತೆ. ಯಜಮಾನರು ಆ ರಾತ್ರಿ ಊಟ ಬಿಟ್ಟರಂತೆ.

ನಾನು ಹೇಳಿದೆ: "ಎತ್ತರ ಮಾಡಬಹುದು. ಮುಂದಿನ ಆಕ್ಸಲ್ ತಡೆಯಲ್ಲ. ದೊಡ್ಡ ಗಾಡೀದು ಹಾಕ್ಬೇಕು."

"ಆಕ್ಸಲ್ ಮಾತ್ರ ಮುಟ್ಬೇಡ. ಅದು ಒರಿಜಿನಲ್ಲು."

ಆ ಜೀಪಿನ ಇಂಜಿನ್ ಎರಡು ಸಲ ಬದಲಾಗಿತ್ತು. ಬಾಗಿಲು ಒಂದು ವ್ಯಾನಿನದು, ಹಾರನ್ನು ಲಾರಿಯದು, ಸೀಟು ಮುಚ್ಚಿಹೋದ ಒಂದು ಟಾಕೀಸಿನದು. ಒರಿಜಿನಲ್ ಉಳಿದಿದ್ದದ್ದು ಎರಡೇ. ಆಕ್ಸಲ್ ಮತ್ತು ತುಕ್ಕು.

ಗಾಡಿ ಹೊರುವ ಕಮಾನು ಸ್ಪ್ರಿಂಗಿಗೆ ಲಾರಿಯ ಪ್ಲೇಟು ಸೇರಿಸಿದೆ. ಮಿಲಿಟರಿ ಗುಜರಿಯಿಂದ ಬಂದ ದೊಡ್ಡ ಟೈರು ಹಾಕಿದೆ. ಜೀಪು ಎದ್ದು ನಿಂತಿತು. ಪಂಚೆ ಉಟ್ಟ ಯಜಮಾನರಿಗೆ ಹತ್ತಲು ಆಗಲಿಲ್ಲ. ಷೆಡ್ಡಿನ ಸ್ಟೂಲು ಹಾಕಿ ಹತ್ತಿಸಿದೆವು. ಇಳಿಯುವಾಗ ಬೇಕಲ್ಲ ಎಂದು ಸ್ಟೂಲನ್ನೂ ಒಳಗೆ ಹಾಕಿಕೊಂಡು ಹೋದರು. ನನ್ನ ಸ್ಟೂಲು ವಾಪಸು ಬರಲಿಲ್ಲ.

ಯಜಮಾನರು ಮೂರು ದಿನ ದಾಯಾದಿಯ ಹೊಲದ ಮುಂದೆ ಬೇಕೆಂದೇ ಓಡಾಡಿದರು. ನಾಲ್ಕನೇ ದಿನ ದಾಯಾದಿ ಲಾರಿ ತಗೊಂಡ.

೨. ನಡುಕ

ಒಂದು ತಿಂಗಳಾದ ಮೇಲೆ ಡ್ರೈವರ್ ಒಬ್ಬನೇ ಬಂದ. ಅಳುಕುವ ಆಳಲ್ಲ. ಅವತ್ತು ಜೀಪು ನಿಲ್ಲಿಸಿ ಕೀ ನನ್ನ ಕೈಗೆ ಕೊಟ್ಟುಬಿಟ್ಟ.

"ಮೇಸ್ತ್ರಿ, ನಲವತ್ತು ದಾಟುದ್ರೆ ಮುಂದಿನ ಚಕ್ರ ಕುಣೀತದೆ. ಸ್ಟೇರಿಂಗು ಕೈಲಿ ನಿಲ್ಲಕಿಲ್ಲ. ಬ್ರೇಕ್ ಮೇಲೆ ನಿಂತ್ಕಂಡ್ರೆ ಮಾತ್ರ ನಿಲ್ತದೆ."

ಜಾಕ್ ಹಾಕಿ ಎತ್ತಿ ಚಕ್ರ ಅಲ್ಲಾಡಿಸಿದೆ. ಚಕ್ರ ತಿರುಗುವ ಕಡೆಯ ಕಿಂಗ್‌ಪಿನ್ ಸವೆದು ಹೋಗಿತ್ತು. ಆಕ್ಸಲ್ ಕೂಡ ಸ್ವಲ್ಪ ಬಗ್ಗಿತ್ತು. ಎತ್ತರ, ಟೈರು, ಎರಡರ ಭಾರವೂ ಅದರ ಮೇಲೆ.

"ಬದಲಾಯಿಸಬೇಕು," ಎಂದೆ.

"ನಾನ್ ಯೋಳುದ್ರೆ ಕೇಳಲ್ಲ. ನೀವೇ ಯೋಳಿ. ನನ್ಗೆ ಇಬ್ರು ಎಣ್ಮಕ್ಳು. ದಿನಾ ನಾಲೆ ಪಕ್ಕದಲ್ಲೇ ಬರೋದು. ಅಲ್ಲಿ ತಡೆಗೋಡೆನೂ ಇಲ್ಲ."

"ಕೆಲಸ ಬಿಡು."

"ಇರೋ ಮನೆ ಗೂಡಿಂದು ಮೇಸ್ತ್ರಿ. ಕೆಲ್ಸ ಬುಟ್ರೆ ಮನೆನೂ ಬುಡ್ಬೇಕು."

ಯಜಮಾನರಿಗೆ ಹೇಳಿದೆ. ನಕ್ಕರು.

"ನಾನು ಕೂತಾಗ ಒಂದಿನಾನೂ ನಡುಗಿಲ್ಲವಲ್ಲ ಮೇಸ್ತ್ರಿ?"

ಅವರು ಕೂತಾಗ ಡ್ರೈವರ್ ಮೂವತ್ತೈದು ದಾಟಿಸುತ್ತಿರಲಿಲ್ಲ. ಅವರು ಊರು ದಾಟುವ ಮೊದಲೇ ನಿದ್ದೆ ಹೋಗುತ್ತಿದ್ದರು. ಡ್ರೈವರ್ ಒಬ್ಬನೇ ಇರುವಾಗ "ಹನ್ನೊಂದಕ್ಕೆ ತಾಲ್ಲೂಕು ಆಫೀಸು, ಹನ್ನೆರಡಕ್ಕೆ ಗೂಡು" ಎಂದು ಓಡಿಸುತ್ತಿದ್ದರು. ಇದನ್ನು ಹೇಳಿದೆ. ಒಪ್ಪಲಿಲ್ಲ.

"ಅದೆಲ್ಲ ಅಲ್ಲ. ನನ್ನ ತೂಕಕ್ಕೆ ಜೀಪು ಹೆದರ್ತದೆ."

"ಹಾಗಾದ್ರೆ ನಿಮ್ಮನ್ನೇ ಆಕ್ಸಲ್ಲಿಗೆ ವೆಲ್ಡ್ ಮಾಡ್ತೀನಿ, ಮಲಗಿ," ಎಂದೆ.

ಎರಡು ತಿಂಗಳು ಷೆಡ್ಡಿನ ಕಡೆ ಬರಲಿಲ್ಲ.

೩. ಭಾವಮೈದ

ಬಂದಾಗ ಜೊತೆಗೆ ಭಾವಮೈದ ಇದ್ದರು. ನೀರಾವರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಕೈಯಲ್ಲಿ ಟೇಪು, ರಸಮಟ್ಟ, ಒಂದು ನೋಟ್‌ಬುಕ್ಕು. ಜೀಪಿನ ಬಾನೆಟ್ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ಮುಂದುಗಡೆ ಹಗುರ ಆಗಿದೆ. ಅದಕ್ಕೇ ಕುಣೀತಿದೆ."

"ಕಿಂಗ್‌ಪಿನ್ ಸವೆದಿದೆ," ಎಂದೆ.

"ಅದು ನಿಮ್ಮ ಭಾಷೆ. ಇದು ಭಾರದ ಪ್ರಶ್ನೆ."

ಯಜಮಾನರಿಗೆ ಇದು ಬಹಳ ಹಿಡಿಸಿತು. ಭಾರ ಎಂದರೆ ಅವರ ಗೂಡಿನಲ್ಲಿ ಬೇಕಾದಷ್ಟಿತ್ತು. ಮುಂದಿನ ಬಂಪರಿಗೆ ಕಬ್ಬಿಣದ ತೊಟ್ಟಿ ಕೂರಿಸಿ ಅದರೊಳಗೆ ಅರವತ್ತು ಇಟ್ಟಿಗೆ ಜೋಡಿಸಿದರು. ಸಿಮೆಂಟು ಹಾಕಿ ಕಟ್ಟಿಬಿಡೋಣ ಎಂದರು ಭಾವಮೈದ. ಅದೊಂದನ್ನು ನಾನು ತಡೆದೆ.

ಒಂದು ವಾರದ ನಂತರ ಡ್ರೈವರ್ ಭಾವಮೈದನ ಜೊತೆ ಬಂದು ಹೇಳಿದ: "ಮೊದ್ಲು ನಲವತ್ತಕ್ಕೆ ಕುಣೀತಿತ್ತು. ಈಗ ಮೂವತ್ತೈದಕ್ಕೇ ಕುಣೀತದೆ."

ಭಾವಮೈದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಮಾಧಾನದಿಂದ ತಲೆಯಾಡಿಸಿದರು.

"ನೋಡಿ, ಐದು ಕಿಲೋಮೀಟರು ವ್ಯತ್ಯಾಸ ಬಂತು. ಅಂದ್ರೆ ನಮ್ಮ ದಾರಿ ಸರಿಯಾಗಿದೆ. ಇನ್ನೂ ನಲವತ್ತು ಇಟ್ಟಿಗೆ ಹಾಕಿ."

೪. ಹೂವು

ಸುತ್ತೂರು ಇನ್ನೂ ಎರಡು ಮೈಲಿ ಇರುವಾಗ ರಸ್ತೆಯ ಎಡಗಡೆ ಒಂದು ಮಾರಮ್ಮನ ಗುಡಿ. ಗುಡಿಗೆ ಇಪ್ಪತ್ತು ಮಾರು ಮುಂಚೆ ಒಂದು ಮೋರಿ. ಮೋರಿಯ ಮೇಲೆ ಟಾರು ಕಿತ್ತು ಗುಂಡಿ. ಸವೆದ ಆಕ್ಸಲ್ಲಿನ ಗಾಡಿ ಗುಂಡಿಗೆ ಬಿದ್ದರೆ ನಡುಕ ಶುರುವಾಗುತ್ತದೆ. ಗುಡಿಯ ಮುಂದೆ ಜೋರಾಗುತ್ತದೆ. ಬ್ರೇಕ್ ಹಿಡಿದರೆ ಗುಡಿ ದಾಟಿದ ಮೇಲೆ ನಿಲ್ಲುತ್ತದೆ. ಇಷ್ಟೇ ವಿಷಯ.

ಇಟ್ಟಿಗೆ ತೊಟ್ಟಿಯನ್ನು ಡ್ರೈವರ್ ತಾನೇ ಕಿತ್ತುಹಾಕಿದ್ದ. ಒಂದು ದಿನ ಕೋರ್ಟಿಗೆ ಹೊತ್ತಾಯಿತೆಂದು ಯಜಮಾನರು ತಾವೇ ಕೂತಿರುವಾಗ ಜೋರಾಗಿ ಬಿಡಿಸಿದರು. ಆವತ್ತು ಎಚ್ಚರವಾಗಿದ್ದರು. ಗುಡಿಯ ಮುಂದೆ ಜೀಪು ಕುಣಿಯಿತು. ಹಲ್ಲಿನ ಸೆಟ್ಟು ಬಾಯಿಂದ ಜಾರಿ ತೊಡೆಗೆ ಬಿತ್ತು. ಜೀಪು ನಿಂತಾಗ ಯಜಮಾನರು ಬೊಚ್ಚು ಬಾಯಲ್ಲಿ ಗುಡಿಗೆ ಕೈ ಮುಗಿಯುತ್ತಿದ್ದರು.

ಪೂಜಾರಿ ಹೊರಗೆ ಬಂದು ನೋಡಿದ. ಹಣ ನೋಡದೆ ಬಹಳ ದಿನವಾದವನ ಕಣ್ಣು.

"ಅಮ್ಮ ಗಾಡಿ ಮೈಮೇಲೆ ಬಂದವ್ಳೆ ಯಜಮಾನ್ರೆ. ಏನೋ ಕೇಳ್ತಾವ್ಳೆ."

"ಮೇಸ್ತ್ರಿ ಆಕ್ಸಲ್ ಬದ್ಲಾಯಿಸ್ಬೇಕು ಅಂತಾನೆ. ಬದ್ಲಾಯಿಸ್ಲಾ?"

"ಹೂವು ಕೇಳಾನ."

ಅಮ್ಮನಿಗೆ ಅಲಂಕಾರ ಮಾಡಿ ಎರಡು ಭುಜದ ಮೇಲೂ ಹೂವು ಇಟ್ಟರು. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಯಜಮಾನರು ಅರ್ಧ ಗಂಟೆ ಕೈ ಮುಗಿದು ನಿಂತರು. ಎಡಗಡೆಯದು ಬಿತ್ತು.

ಬಾಗಿಲಾಚೆ ನಿಂತಿದ್ದ ಡ್ರೈವರ್ ಹೇಳಿದ: "ಸಾ, ಯಾವ ಆಕ್ಸಲ್ಲು ಅಂತ ಅಮ್ಮನಿಗೆ ಯೋಳ್ಳೇ ಇಲ್ವಲ್ಲ. ಹಿಂದ್ಗಡೇದು ಅಂದ್ಕಂಡಿದ್ರೆ?"

ಇದು ನ್ಯಾಯವೆಂದು ಎಲ್ಲರಿಗೂ ಕಂಡಿತು. ಮತ್ತೆ ಹೂವಿಟ್ಟು, "ಮುಂದಿನ ಆಕ್ಸಲ್ ತಾಯೀ, ಮುಂದಿನದ್ದು," ಎಂದು ಬಿಡಿಸಿ ಕೇಳಿದರು. ಒಂದು ಗಂಟೆ ಯಾವ ಹೂವೂ ಬೀಳಲಿಲ್ಲ. ಪೂಜಾರಿ ಹೊರಗೆ ಬಂದು ಬೆವರು ಒರೆಸಿಕೊಂಡ.

"ಇವತ್ತಿಗೆ ಬುಟ್ಬುಡಿ ಯಜಮಾನ್ರೆ. ಅಮ್ಮನಿಗೆ ಜೀಪಿನ ವಿಚಾರ ಪೂರ್ತಿ ಗೊತ್ತಿಲ್ಲ."

೫. ಮೇಕೆ

ಅಲ್ಲಿಗೆ ಮುಗಿಯಬೇಕಿತ್ತು. ಒಂದು ಅಜ್ಜಿಯ ಮೇಕೆ ಕಳೆದುಹೋಯಿತು.

ಅಜ್ಜಿ ಮೋರಿಯ ಹತ್ತಿರ ನಿಂತು, ಜೀಪು ಕುಣಿಯುತ್ತಾ ಬರುವಾಗ, "ಅಮ್ಮಾ, ನನ್ನ ಮೇಕೆ ಸಿಕ್ತದಾ?" ಎಂದು ಕೂಗಿದಳು. ಸಂಜೆ ಮೇಕೆ ಬಂತು. ಮೇಕೆಗಳು ಸಂಜೆ ಬರುತ್ತವೆ. ಯಾರೂ ಅದನ್ನು ಯೋಚಿಸಲಿಲ್ಲ.

ಮಾರನೇ ದಿನದಿಂದ ಮೋರಿಯ ಹತ್ತಿರ ಜನ. ಒಬ್ಬ ಮದುವೆ ಕೇಳಿದ, ಒಬ್ಬ ವರ್ಗಾವಣೆ ಕೇಳಿದ. ಒಬ್ಬ ಬೋರ್‌ವೆಲ್ ಎಲ್ಲಿ ಕೊರೆಯಲಿ ಎಂದು ಕೇಳಿ, ಚಕ್ರ ಎಳೆದ ಕಡೆ ಕೊರೆಸಿದ. ಬರೀ ಧೂಳು ಬಂತು. ತಪ್ಪು ಅಮ್ಮನದಲ್ಲ, ಡ್ರೈವರ್ ಬೇಗ ಬ್ರೇಕ್ ಹಿಡಿದ ಎಂದು ತೀರ್ಮಾನವಾಯಿತು. "ಇನ್ನೂ ಜೋರಾಗಿ ಬಾ ಕಣ್ಲಾ, ಅಮ್ಮ ಬಾಯಿ ಬುಡೋಕೆ ಮುಂಚೆ ನಿಲ್ಲುಸ್ತೀಯ," ಎಂದು ಅವನನ್ನು ಬೈದರು.

ಯಜಮಾನರಿಗೆ ಸಂತೋಷ. ತಾಲ್ಲೂಕಿನಲ್ಲಿ ಲಾರಿ ಯಾರ ಹತ್ತಿರ ಬೇಕಾದರೂ ಇರುತ್ತದೆ. ದೇವರು ಬರುವ ಗಾಡಿ ಒಂದೇ. ದಿನಕ್ಕೆರಡು ಸಲ ಗುಡಿಯ ಮುಂದೆ ಹೋಗಲೇಬೇಕು ಎಂದು ಡ್ರೈವರಿಗೆ ಹುಕುಂ ಮಾಡಿದರು.

ನಾನು ಆಕ್ಸಲ್ ಹುಡುಕಿಟ್ಟಿದ್ದೆ. ಮೈಸೂರಿನ ಗುಜರಿಯಲ್ಲಿ ಸಿಕ್ಕ ಒಳ್ಳೇ ಮಾಲು. ಸುದ್ದಿ ಹೇಗೋ ಹೋಯಿತು. ಒಂದು ದಿನ ಐದು ಜನ ಹಿರಿಯರು ಬಿಳಿ ಬಟ್ಟೆ ಹಾಕಿಕೊಂಡು ಷೆಡ್ಡಿಗೆ ಬಂದರು.

"ಆಕ್ಸಲ್ ಬದ್ಲಾಯಿಸ್ತೀರಂತೆ?"

"ಯಜಮಾನರು ಹೂಂ ಅಂದ್ರೆ ಇವತ್ತೇ."

"ಅಮ್ಮ ಹೊಂಟೋಯ್ತಾಳೆ ಮೇಸ್ತ್ರಿ."

"ಬದಲಾಯಿಸದಿದ್ರೆ ಡ್ರೈವರ್ ಹೋಗ್ತಾನೆ. ನಾಲೆಗೆ."

ಅವರಲ್ಲಿ ದೊಡ್ಡವರು ತಾಳ್ಮೆಯಿಂದ ನನಗೆ ತಿಳಿಸಿ ಹೇಳಿದರು: "ಡ್ರೈವರ್ ಇನ್ನೊಬ್ಬ ಸಿಕ್ತಾನೆ. ಅಮ್ಮ ಸಿಕ್ತಾಳಾ?"

ಆಯಿತು ಎಂದೆ. "ನಾಳೆಯಿಂದ ನಿಮ್ಮಲ್ಲಿ ಒಬ್ಬೊಬ್ಬರು ಸರದಿ ಮೇಲೆ ಮುಂದಿನ ಸೀಟಿನಲ್ಲಿ ಕೂತು ಬನ್ನಿ. ಅಮ್ಮ ಒಬ್ಬಳೇ ಬರ್ತಾಳೆ, ಪಾಪ."

ಬೆಳಿಗ್ಗೆ ಹನ್ನೊಂದು ಗಂಟೆ. ಐದೂ ಜನಕ್ಕೂ ಮನೆಯಲ್ಲಿ ಎಮ್ಮೆ ಹಾಲು ಕರೆಯುವುದಿದೆ ಎಂದು ನೆನಪಾಯಿತು.

೬. ತೀರ್ಥ

ಡ್ರೈವರನ ಬೀದಿಯವರನ್ನು ಆ ಗುಡಿಯೊಳಗೆ ಬಿಡುತ್ತಿರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡು ಬೇಕಾಗಿರಲಿಲ್ಲ.

ಈಗ ಪೂಜಾರಿಗೆ ಕಷ್ಟಕ್ಕಿಟ್ಟುಕೊಂಡಿತು. ಜೀಪಿಗೆ ಆರತಿ ಎತ್ತಬೇಕು, ಒಳಗೆ ಇವನು ಕೂತಿರುತ್ತಾನೆ. ಬಾನೆಟ್ಟಿಗೆ ಹತ್ತಿರದಿಂದ ಆರತಿ ಮಾಡಿ, ಸ್ಟೇರಿಂಗಿನ ಕಡೆಗೆ ಮಾತ್ರ ಉದ್ದನೆಯ ಸೌಟಿನಿಂದ ತೀರ್ಥ ಎರಚುತ್ತಿದ್ದ.

"ಬೇಜಾರಾಗಲ್ವಾ?" ಎಂದು ಕೇಳಿದೆ.

ಡ್ರೈವರ್ ನಕ್ಕ. "ಅಮ್ಮ ದಿನಕ್ಕೆರಡು ಸಲ ನನ್ ಪಕ್ಕದಲ್ಲೇ ಕೂತು ಬತ್ತಾಳೆ ಮೇಸ್ತ್ರಿ. ದೂರ ನಿಂತಿರೋನು ಪೂಜಾರಿ."

ಆಮೇಲೆ ಬಗ್ಗಿ ಮುಂದಿನ ಚಕ್ರ ನೋಡುತ್ತಾ, "ನಿನ್ನೆ ಚಕ್ರ ನಾಲೆ ಅಂಚಿಗೆ ಓಗಿತ್ತು. ಒಂದು ಗೇಣು ಉಳೀತು," ಎಂದ.

ಆವತ್ತು ಅವನ ತಲೆಯಲ್ಲಿ ಏನೋ ಹೊಳೆಯಿತು. ನನಗೆ ಹೇಳಲಿಲ್ಲ. ಯಜಮಾನರಿಗೆ ಹೋಗಿ ಹೇಳಿದ್ದು ಇಷ್ಟು:

"ಸಾ, ಒಂದ್ ತೊಂದ್ರೆ ಆಗದೆ. ಅಮ್ಮ ಬರೋದು ಗಾಡಿ ಮೇಲಲ್ಲ, ಓಡುಸೋರ ಮೇಲೆ ಅಂತ ಜನ ಸುರು ಮಾಡವ್ರೆ. ಇವತ್ತು ಇಬ್ರು ನನ್ ಕಾಲ್ಗೆ ಬಿದ್ರು. ನಾನ್ ಬ್ಯಾಡ ಅಂದೆ, ಕೇಳ್ನಿಲ್ಲ."

ಯಜಮಾನರು ಎದ್ದು ನಿಂತರಂತೆ.

"ಯಾರ ಕಾಲಿಗೆ?"

"ನನ್ ಕಾಲ್ಗೆ ಸಾ."

"ಜೀಪು ಯಾರದು?"

"ನಿಮ್ದು ಸಾ."

"ಕೀ ಕೊಡು."

ಯಜಮಾನರು ಸ್ಟೇರಿಂಗ್ ಹಿಡಿದು ಹನ್ನೆರಡು ವರ್ಷವಾಗಿತ್ತು.

೭. ಅಪ್ಪಣೆ

ಮುಂದಿನ ಶುಕ್ರವಾರ ಮಧ್ಯಾಹ್ನ ಯಜಮಾನರೇ ಜೀಪು ಓಡಿಸುತ್ತಾರೆ ಎಂದು ಸುತ್ತಲ ಹಳ್ಳಿಗೆಲ್ಲ ಹೇಳಿಕೆ ಹೋಯಿತು. ಹದಿನಾರು ಎಂಬ ಊರಿನಿಂದಲೂ ಜನ ಬಂದಿದ್ದರು. ಗುಡಿಗೆ ಮಾವಿನ ತೋರಣ, ತಮಟೆ. ಭಾವಮೈದ ನೋಟ್‌ಬುಕ್ಕು ಹಿಡಿದು ರಸ್ತೆ ಬದಿ ನಿಂತಿದ್ದರು. ಪಕ್ಕದ ಸೀಟಿಗೆ ಕರೆದರೆ ದೂರದಿಂದ ನೋಡಿದರೆ ಲೆಕ್ಕ ಸರಿಯಾಗಿ ಬರುತ್ತದೆ ಎಂದಿದ್ದರು.

ಮೋರಿಯಿಂದ ಒಂದು ಫರ್ಲಾಂಗು ಹಿಂದೆ ಜೀಪು ನಿಂತಿತ್ತು. ಹೊರಡುವ ಮೊದಲು ನಾನು ಹೋಗಿ ಹೇಳಿದೆ. "ಮೂವತ್ತು ದಾಟಬೇಡಿ. ನಡುಗಿದ್ರೆ ಬ್ರೇಕ್ ಹಿಡೀರಿ."

"ಮೂವತ್ತಕ್ಕೆ ಅಮ್ಮ ಬರ್ತಾಳೇನಯ್ಯ? ನಿನ್ನ ಕೆಲಸ ನೋಡ್ಕೋ."

ಡ್ರೈವರ್ ಅವರಿಗೆ ಬ್ರೇಕು ಯಾವುದು, ಆಕ್ಸಿಲರೇಟರ್ ಯಾವುದು ಎಂದು ಎರಡು ಸಲ ಕೈ ತೋರಿಸಿ ಹೇಳಿದ. ಅದಕ್ಕೂ ಬೈಸಿಕೊಂಡ. ಆಮೇಲೆ ನನ್ನನ್ನು ಗುಡಿಯ ಹಿಂದಿನ ಹುಣಸೇಮರದ ಬುಡಕ್ಕೆ ಕರೆದುಕೊಂಡು ಹೋದ.

"ಮರ ದಪ್ಪ ಅದೆ. ಇಲ್ಲೇ ನಿಂತ್ಕಳಿ ಮೇಸ್ತ್ರಿ."

ಜೀಪು ಬಂತು. ಐವತ್ತರಲ್ಲಿತ್ತು ಎಂದು ನನ್ನ ಅಂದಾಜು. ಯಜಮಾನರು ರೇಷ್ಮೆ ಶಲ್ಯ ಹೊದ್ದು, ಎದೆ ಉಬ್ಬಿಸಿ, ಒಂದು ಕೈಯಲ್ಲಿ ಜನರಿಗೆ ನಮಸ್ಕಾರ ಹಾಕುತ್ತಿದ್ದರು. ಮೋರಿಯ ಗುಂಡಿಗೆ ಚಕ್ರ ಬಿತ್ತು.

ಅಂಥ ನಡುಕವನ್ನು ಮೂವತ್ತು ವರ್ಷದಲ್ಲಿ ನಾನು ನೋಡಿಲ್ಲ. ಎರಡು ಚಕ್ರ ಎರಡು ದಿಕ್ಕಿಗೆ ತಲೆಯಾಡಿಸಿದವು. ನಮಸ್ಕಾರದ ಕೈ ಸ್ಟೇರಿಂಗಿಗೆ ಹೋಯಿತು, ಸ್ಟೇರಿಂಗು ಕೈಯನ್ನು ವಾಪಸು ಎಸೆಯಿತು. ಶಲ್ಯ ಹಾರಿತು. ಗಾಬರಿಗೆ ಕಾಲು ಬ್ರೇಕಿನ ಮೇಲೆ ಬೀಳಬೇಕಾದದ್ದು ಆಕ್ಸಿಲರೇಟರ್ ಮೇಲೆ ಬಿತ್ತು. ಜೀಪು ಗರ್ಜಿಸಿತು. ತಮಟೆಯವರು ಇನ್ನೂ ಜೋರು ಮಾಡಿದರು.

"ಅಮ್ಮ ಬಂದ್ಲು! ಅಮ್ಮ ಬಂದ್ಲು!"

"ಹಿಡೀರ್ಲಾ! ಯಾರಾದ್ರೂ ಹಿಡೀರ್ಲಾ!" ಎಂದು ಯಜಮಾನರು ಕೂಗುತ್ತಿದ್ದರು. ಮುನ್ನೂರು ಜನ ಅಡ್ಡ ಬಿದ್ದಿದ್ದರು. ಹಿಡಿಯುವವರು ಯಾರು?

ಅಡ್ಡ ಬಿದ್ದಲ್ಲಿಂದಲೇ ಒಬ್ಬಳು ಕೇಳಿದಳು, "ತಾಯೀ, ನನ್ ಮಗಳಿಗೆ ಗಂಡು?"

"ಅಯ್ಯಯ್ಯೋ! ಬೇಡ! ಬೇಡ!"

"ತಾಯೀ, ಈ ಸಲ ಭತ್ತ ಹಾಕ್ಲಾ?"

"ಸತ್ತೇ! ಸತ್ತೇ!"

ಜೀಪು ಎಡಕ್ಕೆ ತಿರುಗಿತು. ಬಲಕ್ಕೆ ನಾಲೆ. ಬಲಕ್ಕೆ ತಿರುಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಡಕ್ಕೆ, ಗುಡಿ ದಾಟಿ ಜನ ಇಲ್ಲದ ಕಡೆ, ನಾಟಿಗೆಂದು ಕೆಸರು ಮಾಡಿಟ್ಟ ಗದ್ದೆ. ತೋರಣ ಹರಿದುಕೊಂಡು, ಬದು ಹಾರಿ, ಗದ್ದೆಯ ನಡುವೆ ಹೂತು ನಿಂತಿತು. ಆ ಎತ್ತರದ ಜೀಪಿನ ಟೈರು ಒಂದೂ ಕಾಣುತ್ತಿರಲಿಲ್ಲ.

ಎಲ್ಲಕ್ಕಿಂತ ಮೊದಲು ಗದ್ದೆಗೆ ಇಳಿದವನು ಡ್ರೈವರ್. ಬಾಗಿಲು ಕಿತ್ತು ಯಜಮಾನರನ್ನು ಹೊರಗೆ ಎಳೆದ. ಹೆಗಲು ಕೊಟ್ಟು ಬದುವಿಗೆ ತಂದ. ಮೈಗೆ ಏನೂ ಆಗಿರಲಿಲ್ಲ. ತಲೆಯಿಂದ ಕಾಲಿನವರೆಗೆ ಕೆಸರು, ಎರಡು ಕಣ್ಣು ಮಾತ್ರ ಬಿಳಿ. ಕೈ ಕಾಲು ಇನ್ನೂ ಕುಣಿಯುತ್ತಿದ್ದವು.

ತಮಟೆ ನಿಂತಿತು. ಜನ ಬದುವಿನ ಸುತ್ತ ಕೈ ಮುಗಿದು ನಿಂತರು. ಪೂಜಾರಿ ಮುಂದೆ ಬಂದು, ನಡುಗುತ್ತಿದ್ದ ಯಜಮಾನರ ಕಾಲಿಗೆ ಬಿದ್ದು, ಭಕ್ತಿಯಿಂದ ಕೇಳಿದ:

"ಮೈಮೇಲೆ ಇನ್ನೂ ಅವ್ಳೆ. ಏನಪ್ಪಣೆ ಆಯ್ತು ತಾಯೀ?"

ಯಜಮಾನರು ಬಾಯಿಂದ ಕೆಸರು ಉಗಿದರು. ಜನರನ್ನು ನೋಡಿದರು. ಭಾವಮೈದನನ್ನು ನೋಡಿದರು. ಹುಣಸೇಮರದ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು. ಎಂಟು ತಿಂಗಳು ಹೇಳದ ಮಾತನ್ನು ಗದ್ದೆಯಾಚೆಗೂ ಕೇಳುವ ಹಾಗೆ ಕೂಗಿದರು:

"ಆಕ್ಸಲ್ ಬದ್ಲಾಯಿಸು ಅಂದ್ಲು ಕಣಯ್ಯಾ! ಇವತ್ತೇ ಅಂದ್ಲು!"